ಇನ್ನೊಮ್ಮೆ ಮತ ಹಾಕಿದರೆ ಜಗಳ ಮುಗಿಯುತ್ತಾ?

ಪ್ರಶ್ನೆ: ನಾನು ಔರಾದ್ ತಾಲ್ಲೂಕಿನ ನಿವೃತ್ತ ಶಾಲಾ ಮಾಸ್ತರ. ಮಗಳು, ಅಳಿಯ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾರೆ. ಯುರೋಪ್ ಒಕ್ಕೂಟ ಬಿಟ್ಟಿದ್ದು ಸರಿಯೋ ತಪ್ಪೋ ಅನ್ನುವ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ ಅಂತ ಮಗಳು ಹೇಳುತ್ತಾಳೆ. ಇನ್ನೊಮ್ಮೆ ಜನಮತಗಣನೆ ಮಾಡಿ ಒಂದೇ ಸಲಕ್ಕೆ ಮುಗಿಸಬಹುದಲ್ವಾ? ಮಹಾರಾಷ್ಟ್ರದ ಜೊತೆಗಿರುವ ನಮ್ಮ ಬೀದರ್ ಗಡಿಯ ತಕರಾರಿಗೂ ಇದೇ ದಾರಿ ಯಾಕಾಗಬಾರದು?

ಉತ್ತರ (ಕಲಬುರಗಿಯ ರಾಜ್ಯಶಾಸ್ತ್ರ ಅಧ್ಯಾಪಕರಿಂದ):

ಮಾಸ್ತರೇ, ನಿಮ್ಮ ಮಗಳು ಹೇಳಿದ್ದು ನಿಜ. ಅಲ್ಲಿ ಜಗಳ ಮುಗಿದಿಲ್ಲ. ಆದರೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರೂ ಮುಗಿಯುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಇವತ್ತು ಗೆದ್ದವರು ನಾಳೆ ಸೋಲಬಹುದು, ಸೋತವರು ಗೆಲ್ಲಬಹುದು, ಅಷ್ಟೇ. ಎರಡನೇ ಸಲ ಮತ ಹಾಕಿ ನಿಜವಾಗಿಯೂ ಜಗಳ ಮುಗಿಸಿಕೊಂಡ ದೇಶಗಳೂ ಇವೆ. ಎರಡು ಮತದಾನಗಳ ನಡುವೆ ಅವರು ಏನು ಮಾಡಿದರು ಅಂತ ನೋಡಿದರೆ ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಒಂದು ಸಂಗತಿ ಬಹಳ ಜನರಿಗೆ ನೆನಪಿಲ್ಲ. 2016ರದ್ದೇ ಈ ವಿಷಯದಲ್ಲಿ ಬ್ರಿಟನ್ನಿನ ಎರಡನೇ ಜನಮತಗಣನೆ. ಬ್ರಿಟನ್ ಯುರೋಪಿನ ಕೂಟ ಸೇರಿದ್ದು 1973ರ ಜನವರಿಯಲ್ಲಿ. 1975ರ ಜೂನ್‌ನಲ್ಲೇ ಅದರಲ್ಲಿ ಇರಬೇಕಾ ಬೇಡವಾ ಅಂತ ಜನರನ್ನು ಕೇಳಿದರು. ಶೇ 67ರಷ್ಟು ಮತ ‘ಇರೋಣ’ ಅನ್ನುವ ಕಡೆ ಬಿತ್ತು. ಮೂರರಲ್ಲಿ ಎರಡು ಪಾಲು ಅಂದರೆ ಸಣ್ಣ ಗೆಲುವಲ್ಲ. ಆದರೂ 1983ರ ಚುನಾವಣೆಗೆ ಲೇಬರ್ ಪಕ್ಷ ‘ಹೊರಗೆ ಬರುತ್ತೇವೆ’ ಅಂತ ಪ್ರಣಾಳಿಕೆಯಲ್ಲೇ ಬರೆದುಕೊಂಡಿತ್ತು. ಆಮೇಲೆ ಅದೇ ಕೂಗು ಕನ್ಸರ್ವೇಟಿವ್ ಪಕ್ಷದೊಳಗೆ ಬೆಳೆಯಿತು. ಜಗಳ ಪಕ್ಷ ಬದಲಾಯಿಸಿತು, ಸಾಯಲಿಲ್ಲ.

ಹಾಗೆ ಬಂದದ್ದು 2016ರ ಜೂನ್ 23ರ ಮತದಾನ. ಬಿಡೋಣ ಅಂದವರು ಶೇ 51.9. ಇರೋಣ ಅಂದವರು ಶೇ 48.1. ನಡುವಿನ ಅಂತರ ಸುಮಾರು 12 ಲಕ್ಷ 70 ಸಾವಿರ ಮತ. ಸ್ಕಾಟ್ಲೆಂಡಿನಲ್ಲಿ ಶೇ 62ರಷ್ಟು, ಉತ್ತರ ಐರ್ಲೆಂಡಿನಲ್ಲಿ ಶೇ 56ರಷ್ಟು ‘ಇರೋಣ’ ಮತ. ಇಂಗ್ಲೆಂಡ್ ಮತ್ತು ವೇಲ್ಸ್ ‘ಬಿಡೋಣ’ ಅಂದವು. ಸೋತವರಲ್ಲಿ ಎರಡು ನಾಡುಗಳೇ ಇದ್ದವು.

ಆ ಮತಚೀಟಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೇಲೆ ಒಂದು ಪ್ರಶ್ನೆ: ಬ್ರಿಟನ್ ಯುರೋಪ್ ಒಕ್ಕೂಟದ ಸದಸ್ಯನಾಗಿ ಉಳಿಯಬೇಕೇ, ಒಕ್ಕೂಟವನ್ನು ಬಿಡಬೇಕೇ? ಕೆಳಗೆ ಎರಡು ಸಾಲು, ಎದುರಿಗೆ ಎರಡು ಖಾಲಿ ಚೌಕ. ಮತಗಟ್ಟೆಯಲ್ಲಿ ಇಟ್ಟಿರುವ ಪೆನ್ಸಿಲ್ ತೆಗೆದುಕೊಂಡು ಒಂದು ಚೌಕದಲ್ಲಿ ಕತ್ತರಿ ಗುರುತು ಹಾಕಬೇಕು. ‘ಉಳಿಯಬೇಕು’ ಅನ್ನುವುದಕ್ಕೆ ಅರ್ಥ ಒಂದೇ. ಈಗ ಇರುವುದು ಹಾಗೇ ಇರಲಿ. ‘ಬಿಡಬೇಕು’ ಅನ್ನುವುದಕ್ಕೆ ಎಷ್ಟು ಅರ್ಥ? ನಾರ್ವೆಯ ಹಾಗೆ ಒಕ್ಕೂಟದ ಹೊರಗಿದ್ದು ಅದರ ಮಾರುಕಟ್ಟೆಯೊಳಗೆ ಉಳಿಯುವುದೂ ಬಿಡುವುದೇ. ಕೆನಡಾದ ಹಾಗೆ ಬರೀ ವ್ಯಾಪಾರ ಒಪ್ಪಂದ ಮಾಡಿಕೊಳ್ಳುವುದೂ ಬಿಡುವುದೇ. ಯಾವ ಒಪ್ಪಂದವೂ ಇಲ್ಲದೆ ಎದ್ದು ಬರುವುದೂ ಬಿಡುವುದೇ. ಈ ಮೂರೂ ಬಗೆಯ ಜನ ಒಂದೇ ಚೌಕದಲ್ಲಿ ಗುರುತು ಹಾಕಿದರು.

ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗುವುದನ್ನು ನೀವು ಎಷ್ಟೋ ಸಲ ನೋಡಿರುತ್ತೀರಿ. ‘ಬೇರೆ ಆಗೋಣ’ ಅಂತ ಒಂದೇ ರಾತ್ರಿಯಲ್ಲಿ ಎಲ್ಲರೂ ಒಪ್ಪಿಬಿಡುತ್ತಾರೆ. ನೀರು ಇರುವ ಹೊಲ ಯಾರಿಗೆ, ಅವ್ವ ಯಾರ ಮನೆಯಲ್ಲಿ, ಬ್ಯಾಂಕಿನ ಸಾಲ ಯಾರ ತಲೆಗೆ ಅನ್ನುವಾಗ ವಾಟ್ನಿ ಪತ್ರ ವರ್ಷಗಟ್ಟಲೆ ನಿಂತುಬಿಡುತ್ತದೆ. ಬ್ರಿಟನ್ನಿನಲ್ಲಿ ಆಗಿದ್ದು ಇದೇ. ಪ್ರಧಾನಿ ತೆರೇಸಾ ಮೇ ಯುರೋಪಿನ ಜೊತೆ ಮಾತಾಡಿ ತಂದ ಒಪ್ಪಂದ 2019ರ ಜನವರಿ 15ರಂದು ಸಂಸತ್ತಿನಲ್ಲಿ 230 ಮತಗಳ ಅಂತರದಿಂದ ಬಿದ್ದುಹೋಯಿತು. ಮಾರ್ಚ್ 27ರಂದು ಸಂಸದರು ಎಂಟು ಬೇರೆ ಬೇರೆ ದಾರಿಗಳ ಮೇಲೆ ಮತ ಹಾಕಿದರು. ಎಂಟರಲ್ಲಿ ಒಂದಕ್ಕೂ ಬಹುಮತ ಬರಲಿಲ್ಲ.

ಆ ಎಂಟರಲ್ಲಿ ನಿಮ್ಮ ಪ್ರಶ್ನೆಯೂ ಇತ್ತು. ಕೊನೆಗೆ ಬರುವ ಒಪ್ಪಂದವನ್ನು ಮತ್ತೆ ಜನರ ಮುಂದೆ ಇಡಬೇಕು ಅನ್ನುವುದು. ಪರ 268, ವಿರೋಧ 295. ಏಪ್ರಿಲ್ 1ರಂದು ಮತ್ತೆ ಮತಕ್ಕೆ ಹಾಕಿದಾಗ ಬರೀ 12 ಮತಗಳಿಂದ ಸೋತಿತು. ಅದು ಗೆದ್ದಿದ್ದರೆ? 52ಕ್ಕೆ 48ರಂತೆ ಈ ಸಲ ‘ಇರೋಣ’ ಗೆದ್ದಿತು ಅಂತ ಇಟ್ಟುಕೊಳ್ಳಿ. ಮೂರು ವರ್ಷದ ಹಿಂದೆ ಮತ ಹಾಕಿ ಗೆದ್ದಿದ್ದ 1 ಕೋಟಿ 74 ಲಕ್ಷ ಜನ ಏನು ಅನ್ನುತ್ತಿದ್ದರು? ‘ನಾವು ಗೆದ್ದಾಗ ಲೆಕ್ಕಕ್ಕಿಲ್ಲ, ಅವರು ಗೆದ್ದರೆ ಲೆಕ್ಕ’ ಅನ್ನುತ್ತಿದ್ದರು. ಮೂರನೇ ಮತದಾನಕ್ಕೆ ಸಹಿ ಸಂಗ್ರಹ ಮರುದಿನವೇ ಶುರುವಾಗುತ್ತಿತ್ತು. ಅವರ ಸಿಟ್ಟನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಒಪ್ಪಂದ ಬಂದ ಮೇಲೆ ಇನ್ನೊಂದು ಸಲ ಕೇಳುತ್ತೇವೆ ಅಂತ 2016ರಲ್ಲೇ ಹೇಳಿದ್ದರೆ ಅದು ನ್ಯಾಯದ ಕ್ರಮವೇ ಆಗುತ್ತಿತ್ತು. ಫಲಿತಾಂಶ ಬಂದ ಮೇಲೆ ನಿಯಮ ಸೇರಿಸಿದರೆ ಯಾರಿಗಾದರೂ ಮೋಸದಂತೆ ಕಾಣುತ್ತದೆ.

ಇನ್ನೊಂದು ಗಾಯವೂ ಇದೆ. ಯಾರು ಮತ ಹಾಕಬಹುದು ಅನ್ನುವುದು. ಬ್ರಿಟನ್ನಿನಲ್ಲಿ ವಾಸವಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ 2016ರಲ್ಲಿ ಮತದ ಹಕ್ಕಿತ್ತು. ನಿಮ್ಮ ಮಗಳು ಆಗ ಅಲ್ಲಿದ್ದಿದ್ದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಹೆಸರು ನೋಂದಾಯಿಸಿ ಮತ ಹಾಕಬಹುದಿತ್ತು. ಪಕ್ಕದ ಮನೆಯ ಪೋಲೆಂಡಿನವರು ಹತ್ತು ವರ್ಷದಿಂದ ಅಲ್ಲೇ ತೆರಿಗೆ ಕಟ್ಟುತ್ತಿದ್ದರೂ ಅವರಿಗೆ ಹಕ್ಕಿರಲಿಲ್ಲ. ಅದೇ 2014ರಲ್ಲಿ ಸ್ಕಾಟ್ಲೆಂಡ್ ಸ್ವತಂತ್ರವಾಗಬೇಕಾ ಅಂತ ಕೇಳಿದಾಗ ಯುರೋಪ್ ಒಕ್ಕೂಟದ ಪ್ರಜೆಗಳಿಗೂ, 16 ವರ್ಷದವರಿಗೂ ಮತ ಕೊಟ್ಟಿದ್ದರು. ಎರಡೂ ಕ್ರಮಕ್ಕೆ ಅವರವರ ಸಮರ್ಥನೆ ಇದೆ. ಆದರೆ ಇಷ್ಟು ಹತ್ತಿರದ ಫಲಿತಾಂಶದಲ್ಲಿ, ಪಟ್ಟಿ ಬೇರೆಯಾಗಿದ್ದರೆ ಉತ್ತರವೂ ಬೇರೆಯಾಗುತ್ತಿತ್ತೇನೋ ಅನ್ನುವ ಸಂಶಯ ಸೋತವರ ಮನಸ್ಸಿನಿಂದ ಹೋಗುವುದೇ ಇಲ್ಲ.

ಹಾಗಾದರೆ ಗೆಲುವು ದೊಡ್ಡದಿದ್ದರೆ ಸಾಕಲ್ವಾ ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಉತ್ತರ ಐರ್ಲೆಂಡಿನ ಕಥೆ. 1973ರ ಮಾರ್ಚ್‌ನಲ್ಲಿ ಅಲ್ಲಿನ ಜನರನ್ನು ಬ್ರಿಟನ್ ಜೊತೆ ಇರುತ್ತೀರಾ, ಐರ್ಲೆಂಡ್ ಗಣರಾಜ್ಯವನ್ನು ಸೇರುತ್ತೀರಾ ಅಂತ ಕೇಳಿದರು. ಬ್ರಿಟನ್ ಪರ ಬಿದ್ದದ್ದು ಶೇ 98.9. ಇದಕ್ಕಿಂತ ದೊಡ್ಡ ಗೆಲುವು ಬೇಕಾ? ಆದರೆ ಐರ್ಲೆಂಡ್ ಪರವಾದ ಪಕ್ಷಗಳು ಮತದಾನವನ್ನೇ ಬಹಿಷ್ಕರಿಸಿದ್ದವು. ಹೆಚ್ಚಾಗಿ ಐರ್ಲೆಂಡ್ ಕಡೆಗೇ ಒಲವಿದ್ದ ಕ್ಯಾಥೊಲಿಕರಲ್ಲಿ ಹೆಚ್ಚಿನವರು ಮತಗಟ್ಟೆಗೇ ಹೋಗಲಿಲ್ಲ. ಆ ಮತದಾನದ ಆಮೇಲೂ ಬಾಂಬು, ಗುಂಡು, ಹೆಣ ಸುಮಾರು 25 ವರ್ಷ ನಡೆಯಿತು.

1998ರಲ್ಲಿ ಕ್ರಮವನ್ನೇ ತಿರುಗಿಸಿದರು. ಮೊದಲು ಮಾತುಕತೆ. ಯಾರ್‍ಯಾರಿಗೆ ಅಧಿಕಾರದಲ್ಲಿ ಎಷ್ಟು ಪಾಲು, ಜೈಲಿನಲ್ಲಿದ್ದವರ ಗತಿ ಏನು, ಪೊಲೀಸ್ ವ್ಯವಸ್ಥೆಯ ಸುಧಾರಣೆ ಹೇಗೆ, ಗಡಿಯಾಚೆಯ ಐರ್ಲೆಂಡ್ ಸರ್ಕಾರದ ಪಾತ್ರ ಏನು ಅನ್ನುವುದೆಲ್ಲ ಕಾಗದಕ್ಕೆ ಬಂತು. ಆ ಒಪ್ಪಂದದ ಪ್ರತಿಯನ್ನು ಉತ್ತರ ಐರ್ಲೆಂಡಿನ ಮನೆಮನೆಗೆ ಕಳಿಸಿದರು. ಆಮೇಲೆ ಮೇ 22ರಂದು ಮತ. ಶೇ 71.1ರಷ್ಟು ಹೌದು ಅಂದರು. ಅದೇ ದಿನ ದಕ್ಷಿಣದ ಗಣರಾಜ್ಯದಲ್ಲೂ ಮತ ನಡೆದು ಅಲ್ಲಿ ಶೇ 94ರಷ್ಟು ಹೌದು. ಎಲ್ಲರೂ ಸಂತೋಷದಿಂದ ಒಪ್ಪಿದರು ಅಂತಲ್ಲ. ಆದರೆ ಶೇ 98.9 ನಿಲ್ಲಿಸಲಾಗದ ಹಿಂಸೆಯನ್ನು ಶೇ 71 ಬಹುಮಟ್ಟಿಗೆ ನಿಲ್ಲಿಸಿತು. ಮುಂದೆ ಗಡಿಯ ಬಗ್ಗೆ ಮತ್ತೆ ಮತದಾನ ಆಗಬಹುದು ಅಂತಲೂ ಅದರಲ್ಲೇ ಬರೆದಿದ್ದಾರೆ. ಒಂದು ಮತದಾನಕ್ಕೂ ಇನ್ನೊಂದಕ್ಕೂ ಕನಿಷ್ಠ ಏಳು ವರ್ಷ ಅಂತರ ಇರಬೇಕು. ‘ಮತ್ತೆ ಯಾವಾಗ’ ಅನ್ನುವುದಕ್ಕೂ ಮೊದಲೇ ಉತ್ತರ ಇಟ್ಟಿದ್ದರು.

ಮೊದಲೇ ಗೊತ್ತುಮಾಡಿದ ಕ್ರಮವೂ ಒಂದು ಕಡೆಯವರನ್ನು ಬಿಟ್ಟು ನಡೆದರೆ ಕೆಡುತ್ತದೆ. ಫ್ರಾನ್ಸಿನ ಅಧೀನದಲ್ಲಿರುವ ಪೆಸಿಫಿಕ್ ದ್ವೀಪ ನ್ಯೂ ಕ್ಯಾಲೆಡೋನಿಯಾದಲ್ಲಿ ಮೂರು ಸಲದವರೆಗೆ ಕೇಳಬಹುದು ಅಂತ ಮೊದಲೇ ಮಾತಾಗಿತ್ತು. ಸ್ವಾತಂತ್ರ್ಯ ಬೇಡ ಅಂದವರು 2018ರಲ್ಲಿ ಶೇ 56.7, 2020ರಲ್ಲಿ ಶೇ 53.3. ಕೊರೋನಾ ಸಾವುಗಳ ದುಃಖದಲ್ಲಿದ್ದ ಮೂಲನಿವಾಸಿ ಕನಕ್ ಜನ ಮೂರನೆಯದನ್ನು ಮುಂದೂಡಿ ಅಂತ ಕೇಳಿದರು. ಫ್ರಾನ್ಸ್ ಕೇಳಲಿಲ್ಲ, ಅವರು ಮತಗಟ್ಟೆಗೆ ಬರಲಿಲ್ಲ. 2021ರ ಡಿಸೆಂಬರ್‌ನಲ್ಲಿ ‘ಬೇಡ’ ಶೇ 96.5ಕ್ಕೆ ಏರಿತು. 2024ರ ಮೇ ತಿಂಗಳಲ್ಲಿ ಮತದಾರರ ಪಟ್ಟಿಯ ವಿಷಯಕ್ಕೇ ಅಲ್ಲಿ ಬೆಂಕಿ ಬಿತ್ತು, ಜನ ಸತ್ತರು.

ಈಗ ಎರಡನೇ ಸಲದಲ್ಲಿ ಮುಗಿದದ್ದನ್ನು ನೋಡೋಣ. ನನಗೆ ಬಹಳ ಇಷ್ಟವಾದ ಉದಾಹರಣೆ ಐರ್ಲೆಂಡಿನ ವಿಚ್ಛೇದನದ್ದು. ಆ ದೇಶದ ಸಂವಿಧಾನದಲ್ಲೇ ವಿಚ್ಛೇದನಕ್ಕೆ ನಿಷೇಧ ಇತ್ತು. 1986ರಲ್ಲಿ ತೆಗೆಯೋಣವಾ ಅಂತ ಕೇಳಿದರೆ ಶೇ 63.5ರಷ್ಟು ಬೇಡ ಅಂದರು. ಬೇಡ ಅನ್ನಲು ಧರ್ಮವೊಂದೇ ಕಾರಣವಾಗಿರಲಿಲ್ಲ. ಗಂಡ ಇನ್ನೊಂದು ಮದುವೆಯಾದರೆ ಮೊದಲ ಹೆಂಡತಿಯ ಮನೆ, ಹೊಲ, ಮಕ್ಕಳ ಪಾಲು ಏನಾಗುತ್ತದೆ ಅನ್ನುವ ಭಯ ಹೆಂಗಸರಲ್ಲಿ ಬಹಳ ಇತ್ತು. ಅದು ಸುಳ್ಳು ಭಯವೂ ಅಲ್ಲ, ಕಾನೂನಿನಲ್ಲಿ ಉತ್ತರ ಇರಲಿಲ್ಲ. ಸರ್ಕಾರ ಮರುವರ್ಷವೇ ಮತ್ತೆ ಅದೇ ಚೀಟಿ ಹಂಚಲಿಲ್ಲ. 1989ರಲ್ಲಿ ಗಂಡಹೆಂಡತಿ ಬೇರೆ ವಾಸಿಸುವುದರ ಬಗ್ಗೆ, ಆಸ್ತಿ ಹಂಚಿಕೆಯ ಬಗ್ಗೆ ಹೊಸ ಕಾನೂನು ಬಂತು. 1995ರಲ್ಲಿ ಮತ್ತೆ ಕೇಳಿದಾಗ ಐದು ವರ್ಷದಲ್ಲಿ ನಾಲ್ಕು ವರ್ಷ ಬೇರೆ ಇದ್ದಿರಬೇಕು, ಹೆಂಡತಿ ಮಕ್ಕಳಿಗೆ ಸರಿಯಾದ ಏರ್ಪಾಡು ಆಗಿದೆ ಅಂತ ನ್ಯಾಯಾಲಯಕ್ಕೆ ಮನವರಿಕೆ ಆಗಬೇಕು ಅನ್ನುವ ಷರತ್ತುಗಳನ್ನು ಸಂವಿಧಾನದ ತಿದ್ದುಪಡಿಯಲ್ಲೇ ಬರೆದರು.

ಫಲಿತಾಂಶ? ಹೌದು ಶೇ 50.28. ಇಡೀ ದೇಶದಲ್ಲಿ ಅಂತರ 9,114 ಮತ. ಬ್ರಿಟನ್ನಿನಲ್ಲಿ ‘ಬಿಡೋಣ’ ಅಂದವರ ಗೆಲುವಿಗಿಂತಲೂ ಸಣ್ಣ ಗೆಲುವು. ಕೋರ್ಟಿನಲ್ಲಿ ಪ್ರಶ್ನೆ ಮಾಡಿದರು, ಕೋರ್ಟ್ ಎತ್ತಿಹಿಡಿಯಿತು. ಆಮೇಲೆ ಜಗಳ ತಣ್ಣಗಾಯಿತು. 2019ರಲ್ಲಿ ಆ ಷರತ್ತುಗಳನ್ನು ಸಡಿಲಿಸೋಣವಾ ಅಂತ ಕೇಳಿದಾಗ ಶೇ 82ರಷ್ಟು ಹೌದು ಅಂದರು. ಇದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಮರೆಯಬಾರದು. ವಿಚ್ಛೇದನ ಬೇಡ ಅಂದವರು ವಿಚ್ಛೇದನ ತೆಗೆದುಕೊಳ್ಳಬೇಕಾಗಿರಲಿಲ್ಲ. ಸೋತರೂ ಅವರ ಮನೆಯೊಳಗೆ ಏನೂ ಬದಲಾಗಲಿಲ್ಲ. ಒಕ್ಕೂಟ ಬಿಡುವುದು ಹಾಗಲ್ಲ. ಬಿಟ್ಟರೆ ಎಲ್ಲರ ಪಾಸ್‌ಪೋರ್ಟೂ ಬದಲಾಗುತ್ತದೆ. ಅದಕ್ಕೇ ಅಂಥ ಪ್ರಶ್ನೆಗೆ ಜಾಸ್ತಿ ಎಚ್ಚರ ಬೇಕು.

ಡೆನ್ಮಾರ್ಕ್ 1992ರ ಜೂನ್‌ನಲ್ಲಿ ಯುರೋಪ್ ಒಕ್ಕೂಟವನ್ನು ಹುಟ್ಟುಹಾಕುವ ಮಾಸ್ಟ್ರಿಕ್ಟ್ ಒಪ್ಪಂದವನ್ನು ಶೇ 50.7ರಿಂದ ತಿರಸ್ಕರಿಸಿತು. ಸರ್ಕಾರ ಉಳಿದ ದೇಶಗಳ ಜೊತೆ ಕೂತು ನಾಲ್ಕು ವಿನಾಯಿತಿ ತಂದಿತು. ಅವುಗಳಲ್ಲಿ ಯುರೋ ನಾಣ್ಯ ಬೇಡ, ಸೇನೆಯ ವಿಷಯದಲ್ಲಿ ಸೇರುವುದಿಲ್ಲ ಅನ್ನುವುದೂ ಇದ್ದವು. 1993ರ ಮೇ 18ರಂದು ಮತ್ತೆ ಕೇಳಿದಾಗ ಶೇ 56.7 ಹೌದು. ಅದೇ ರಾತ್ರಿ ಕೋಪನ್‌ಹೇಗನ್ನಿನ ನೋರೆಬ್ರೋ ಬಡಾವಣೆಯಲ್ಲಿ ಗಲಭೆಯಾಗಿ ಪೊಲೀಸರು ಗುಂಡು ಹಾರಿಸಿದರು, ಹಲವರು ಗಾಯಗೊಂಡರು. ಆ ರಾತ್ರಿ ನೋಡಿದವರು ಇದು ಮುಗಿಯುವ ಜಗಳ ಅಂದಿರಲಿಕ್ಕಿಲ್ಲ. ಮುಗಿಸಿದ್ದು ಕೊಟ್ಟ ಮಾತನ್ನು ಉಳಿಸಿಕೊಂಡದ್ದು. ಯುರೋ ಬಗ್ಗೆ 2000ದಲ್ಲಿ ಜನರನ್ನೇ ಕೇಳಿದರು, ಬೇಡ ಅಂದರು, ಸರ್ಕಾರ ಬಿಟ್ಟಿತು. ಸೇನೆಯ ವಿನಾಯಿತಿ ಕೈಬಿಡಲು 2022ರಲ್ಲಿ ಮತ್ತೆ ಕೇಳಿದರು, ಈ ಸಲ ಶೇ 66.9 ಒಪ್ಪಿದರು. ಮೂವತ್ತು ವರ್ಷ ಜನರನ್ನು ಕೇಳದೆ ಒಂದು ವಿನಾಯಿತಿಯನ್ನೂ ಮುಟ್ಟಲಿಲ್ಲ.

ನ್ಯೂಜಿಲೆಂಡ್ ಚುನಾವಣಾ ಪದ್ಧತಿ ಬದಲಾಯಿಸಿದ್ದೂ ಹೀಗೆ ಹಂತ ಹಂತವಾಗಿ. 1992ರಲ್ಲಿ ಬದಲಾವಣೆ ಬೇಕಾ, ಬೇಕಾದರೆ ಯಾವುದು ಅಂತ ಕೇಳಿದರು. ಕಾನೂನು ಬರೆದು ಮುಂದಿಟ್ಟು 1993ರಲ್ಲಿ ಹಳೆಯದಾ ಹೊಸದಾ ಅಂತ ಕೇಳಿದರು. ಹೊಸದು ಶೇ 54ರ ಹತ್ತಿರ ಬಂದು ಗೆದ್ದಿತು. 2011ರಲ್ಲಿ ಇನ್ನೊಮ್ಮೆ ಕೇಳಿದಾಗ ಬೆಂಬಲ ಏರಿತ್ತು. ಕೆನಡಾದ ಕ್ವಿಬೆಕ್ ಪ್ರಾಂತ್ಯದ್ದು ಬೇರೆ ಕಥೆ. 1980ರಲ್ಲಿ ಕೆನಡಾ ಬಿಡುವುದು ಬೇಡ ಅಂದವರು ಶೇ 59ಕ್ಕಿಂತ ಜಾಸ್ತಿ. 1995ರಲ್ಲಿ ಅದೇ ಗುಂಪು ಶೇ 50.58ರಿಂದ, ಬರೀ 54,288 ಮತದಿಂದ ಉಳಿದುಕೊಂಡಿತು. ಬೇರೆ ದೇಶ ಆಗಬೇಕು ಅನ್ನುವ ಪಾರ್ಟಿ ಕ್ವಿಬೆಕ್ವಾ ಪಕ್ಷ ಮೂರನೇ ಮತದಾನದ ಮಾತನ್ನು ಇವತ್ತಿಗೂ ಬಿಟ್ಟಿಲ್ಲ.

ಆದ್ದರಿಂದ ಬ್ರಿಟನ್ ಬಗ್ಗೆ ನನ್ನ ಉತ್ತರ ಇದು. 2020ರ ಜನವರಿ 31ರಂದು ಆ ದೇಶ ಹೊರಗೆ ಬಂದಾಗಿದೆ. ಇನ್ನು ‘ಇರೋಣವಾ ಬಿಡೋಣವಾ’ ಅನ್ನುವ ಪ್ರಶ್ನೆಯೇ ಇಲ್ಲ. ಇರುವುದು ‘ಮತ್ತೆ ಸೇರೋಣವಾ’ ಅನ್ನುವುದು. ಅದಕ್ಕೆ 27 ದೇಶಗಳೂ ಒಪ್ಪಬೇಕು. ಮೊದಲು ಬ್ರಿಟನ್ನಿಗೆ ವಂತಿಗೆಯಲ್ಲಿ ರಿಯಾಯಿತಿ ಇತ್ತು, ಪೌಂಡ್ ಇಟ್ಟುಕೊಳ್ಳುವ ವಿನಾಯಿತಿ ಇತ್ತು. ಮತ್ತೆ ಸೇರುವಾಗ ಅವು ತಾವಾಗಿಯೇ ಸಿಗುವುದಿಲ್ಲ. ಬಿಟ್ಟಿದ್ದು ತಪ್ಪಾಯಿತು ಅನ್ನುವವರೇ ಜಾಸ್ತಿ ಅಂತ ಈಚಿನ ಸಮೀಕ್ಷೆಗಳು ಹೇಳುತ್ತವೆ, ಸರಿ. ಆದರೆ ‘ಯುರೋ ನಾಣ್ಯ ಒಪ್ಪಿ ಸೇರೋಣವಾ’ ಅಂತ ಕೇಳಿದರೆ ಅದೇ ಜನ ಅದೇ ಉತ್ತರ ಕೊಡುತ್ತಾರೆ ಅಂತ ನಂಬುವುದು ಕಷ್ಟ. ಮೊದಲು ಮಾತುಕತೆ ನಡೆದು ಷರತ್ತು ಕಾಗದಕ್ಕೆ ಬರಲಿ. ಯಾರು ಮತದಾರರು, ಎಷ್ಟು ಮತ ಬಂದರೆ ಗೆಲುವು, ಮುಂದಿನ ಸಲ ಯಾವಾಗ ಅನ್ನುವುದನ್ನು ಎರಡೂ ಕಡೆಯವರು ಸೇರಿ ಗೊತ್ತುಮಾಡಲಿ. ಒಂದು ಕಡೆಯವರು ಹೇರಿದ ನಿಯಮವೂ ನೋವು ಉಳಿಸುತ್ತದೆ. 1979ರಲ್ಲಿ ಸ್ಕಾಟ್ಲೆಂಡಿಗೆ ತನ್ನದೇ ಶಾಸನಸಭೆ ಬೇಕು ಅಂತ ಶೇ 51.6 ಮತ ಬಂದರೂ, ಒಟ್ಟು ಮತದಾರರಲ್ಲಿ ಶೇ 40 ಆಗಲಿಲ್ಲ ಅಂತ ಬಿದ್ದುಹೋಯಿತು. ಆ ಶೇ 40ರ ಷರತ್ತು ಸೇರಿಸಿದ್ದು ಲಂಡನ್ನಿನ ಸಂಸತ್ತು. ಆ ಸಿಟ್ಟು 1997ರಲ್ಲಿ ಶೇ 74ರ ಗೆಲುವು ಬರುವವರೆಗೂ ಆರಲಿಲ್ಲ.

ಈಗ ನಮ್ಮ ಗಡಿ. ಭಾರತದ ಸಂವಿಧಾನದಲ್ಲಿ ಜನಮತಗಣನೆಗೆ ಜಾಗವಿಲ್ಲ. ರಾಜ್ಯಗಳ ಗಡಿ ಬದಲಾಯಿಸುವ ಅಧಿಕಾರ 3ನೇ ವಿಧಿಯಂತೆ ಸಂಸತ್ತಿನದು. ಆದರೂ ಒಮ್ಮೆ ಗೋವಾದಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ ಜನರನ್ನು ಕೇಳಿದ್ದುಂಟು. 1967ರ ಜನವರಿ 16. ಮಹಾರಾಷ್ಟ್ರದಲ್ಲಿ ಸೇರುವುದಕ್ಕೆ ಹೂವಿನ ಗುರುತು, ಕೇಂದ್ರಾಡಳಿತ ಪ್ರದೇಶವಾಗಿ ಉಳಿಯುವುದಕ್ಕೆ ಎರಡು ಎಲೆಯ ಗುರುತು. ಮತದಾನ ನ್ಯಾಯವಾಗಿ ನಡೆಯಲಿ ಅಂತ ವಿಲೀನದ ಪರವಾಗಿದ್ದ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ಅವರ ಸರ್ಕಾರ ಮೊದಲೇ ರಾಜೀನಾಮೆ ಕೊಟ್ಟಿತ್ತು. ಎಲೆಗೆ 1,72,191 ಮತ, ಹೂವಿಗೆ 1,38,170. ಎರಡು ತಿಂಗಳು ಕಳೆದು ಚುನಾವಣೆ ಬಂತು. ಸೋತ ಬಾಂದೋಡ್ಕರ್ ಅವರ ಪಕ್ಷವನ್ನೇ ಅದೇ ಜನ ಗೆಲ್ಲಿಸಿದರು. ಅವರು ಮತ್ತೆ ಮುಖ್ಯಮಂತ್ರಿಯಾದರು. ಸೋತವರಿಗೆ ಮನೆಯಲ್ಲಿ ಜಾಗ ಉಳಿದಿತ್ತು, ಅದಕ್ಕೇ ಫಲಿತಾಂಶವೂ ಉಳಿಯಿತು.

ಬೀದರ್‌ನಲ್ಲಿ ಆ ಎಲೆ, ಆ ಹೂವು ಹೇಗೆ ಬಿಡಿಸುತ್ತೀರಿ? 1955ರಲ್ಲಿ ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿ ಆಯೋಗ ಬೀದರ್ ಜಿಲ್ಲೆಯನ್ನು ತೆಲುಗು ಜಿಲ್ಲೆಗಳ ಜೊತೆ ಹೈದರಾಬಾದ್ ರಾಜ್ಯದಲ್ಲೇ ಇಡಬೇಕು ಅಂದಿತ್ತು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಅದನ್ನು ಮೂರು ಪಾಲು ಮಾಡಿತು. ಉದಗೀರ್, ನಿಲಂಗಾ, ಅಹ್ಮದ್‌ಪುರ ಈಗಿನ ಮಹಾರಾಷ್ಟ್ರದ ಕಡೆ. ಜಹೀರಾಬಾದ್, ನಾರಾಯಣಖೇಡದ ಭಾಗ ಆಂಧ್ರದ ಕಡೆ, ಈಗ ಅದು ತೆಲಂಗಾಣ. ಉಳಿದದ್ದು ನಮಗೆ. ನಮ್ಮ ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ಕೂಡ ಆಗಲೇ ಆಂಧ್ರಕ್ಕೆ ಹೋದವು. ನಿಮ್ಮ ಔರಾದ್‌ನಲ್ಲಿ ಒಂದೇ ಮನೆಯಲ್ಲಿ ಅಜ್ಜಿ ಮರಾಠಿ ಮಾತಾಡುತ್ತಾಳೆ, ಮೊಮ್ಮಗ ಕನ್ನಡ ಶಾಲೆಗೆ ಹೋಗುತ್ತಾನೆ, ಟ್ರಂಕಿನಲ್ಲಿರುವ ಹೊಲದ ಹಳೇ ಕಾಗದ ಉರ್ದುವಿನಲ್ಲಿ ಇರುತ್ತದೆ. ಎಣಿಸುವುದು ಹಳ್ಳಿಯನ್ನಾ, ತಾಲ್ಲೂಕನ್ನಾ, ಜಿಲ್ಲೆಯನ್ನಾ? ಮಹಾರಾಷ್ಟ್ರ ಹಳ್ಳಿ ಹಳ್ಳಿ ಲೆಕ್ಕ ಬೇಕು ಅನ್ನುತ್ತದೆ, ಕರ್ನಾಟಕ ಈ ಗಡಿ ತಕರಾರಿಗೆ ಕೇಂದ್ರ ಸರ್ಕಾರ ನೇಮಿಸಿದ್ದ ಮಹಾಜನ ಆಯೋಗದ 1967ರ ವರದಿಯೇ ಕೊನೆ ಅನ್ನುತ್ತದೆ. ಯಾವ ಅಳತೆ ಅನ್ನುವುದರಲ್ಲೇ ಉತ್ತರ ಅಡಗಿದೆ. ಅಳತೆಗೇ ಒಪ್ಪಿಗೆ ಇಲ್ಲದ ಕಡೆ ಮತಪೆಟ್ಟಿಗೆ ಇಟ್ಟರೆ ಊರಲ್ಲಿ ಇದುವರೆಗೆ ಇಲ್ಲದ ಎರಡು ಗುಂಪು ಹುಟ್ಟುತ್ತವೆ. ನನಗೆ ಅದರ ಭಯ ಇದೆ.

ಅದೂ ಅಲ್ಲದೆ ಆ ಚೀಟಿಯ ಹಿಂದೆ ಕಾಣದ ಸಂಗತಿಗಳಿವೆ. ಸಂವಿಧಾನದ 371ಜೆ ವಿಧಿಯಿಂದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಕಾಲೇಜು ಸೀಟು, ನೌಕರಿಯಲ್ಲಿ ಮೀಸಲು ಸಿಕ್ಕಿದೆ. ಗಡಿ ಸರಿದರೆ ಆ ಹಳ್ಳಿಯ ಹುಡುಗರಿಗೆ ಅದು ಸಿಗುವುದಿಲ್ಲ. ‘ಕರ್ನಾಟಕವೋ ಮಹಾರಾಷ್ಟ್ರವೋ’ ಅಂತ ಎರಡು ಚೌಕ ಬರೆದರೆ ಇದನ್ನೆಲ್ಲ ಎಲ್ಲಿ ಬರೆಯುವುದು?

ಮಹಾರಾಷ್ಟ್ರ 2004ರಲ್ಲಿ ಹಾಕಿದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಅದು ನಡೆಯುವಷ್ಟು ದಿನ ನಡೆಯಲಿ. ಗೆರೆಯನ್ನು ಮುಟ್ಟದೆ ಎರಡೂ ಸರ್ಕಾರಗಳು ಇವತ್ತೇ ಮಾಡಬಹುದಾದ ಕೆಲಸ ನಿಮ್ಮಂಥ ಮಾಸ್ತರರಿಗೆ ನನಗಿಂತ ಚೆನ್ನಾಗಿ ಗೊತ್ತು: ಔರಾದ್, ಭಾಲ್ಕಿಯ ಮರಾಠಿ ಶಾಲೆಗಳಿಗೂ, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಗಳಿಗೂ ಪೂರ್ತಿ ಸಂಖ್ಯೆಯ ಶಿಕ್ಷಕರು, ಜೂನ್‌ನಲ್ಲೇ ಪಠ್ಯಪುಸ್ತಕ, ತಹಶೀಲ್ ಕಚೇರಿಯಲ್ಲಿ ಅವರವರ ಭಾಷೆಯ ಅರ್ಜಿ.